ಸೊಳ್ಳೆಪರದೆಯೊಳಗಿನ ವರ

ನಮ್ಮ ಚಿಕ್ಕಪ್ಪ ಮದುವೆಯಾಗದೆ ಉಳಿದದ್ದಕ್ಕೆ ಹೆಣ್ಣು ಸಿಗದಿದ್ದದ್ದು ಕಾರಣವಲ್ಲ. ಪರರ ರಕ್ತದೊಳಗಿನ ಗಂಡುಹೆಣ್ಣುಗಳ ಮದುವೆ ತಪ್ಪಿಸುವುದರಲ್ಲಿಯೇ ಅವರ ಪ್ರಾಯ ಕಳೆದುಹೋಯಿತು! ತಮಿಳು ಸೀಮೆಯ ಪೋತ್ತನೂರಿನಲ್ಲಿ ಮಲೇರಿಯಾ ರಕ್ತಪರೀಕ್ಷೆ ಮಾಡುವ ಸರ್ಕಾರಿ ನೌಕರರು ಅವರು. ಮನೆಗೆ ಬಂದವರಿಗೆ ನಾವು ಕಾಫಿ ಕೊಡುವ ಮುನ್ನವೇ ಅವರು ಸೂಜಿ ಹಿಡಿದು ಬೆರಳು ಕೇಳುತ್ತಿದ್ದರು. ಹಾಲಿನವನು ಕೊಟ್ಟ, ಅಂಚೆಯವನು ಕೊಟ್ಟ. ಪುರೋಹಿತರು ಮಾತ್ರ ಬೀದಿಯಲ್ಲೇ ನಿಂತು ಪಂಚಾಂಗ ಓದಿ ಹೋಗುತ್ತಿದ್ದರು. ನನ್ನನ್ನು ಚಿಕ್ಕಪ್ಪ ತಮಿಳರಂತೆ ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು.

"ನೋಡು ಕಣ್ಣು, ಮಲೇರಿಯಾ ಹಿಡಿದ ರಕ್ತದಲ್ಲಿ ಗಂಡು ಕ್ರಿಮಿ, ಹೆಣ್ಣು ಕ್ರಿಮಿ ಅಕ್ಕಪಕ್ಕದಲ್ಲೇ ಇರ್ತವೆ, ಪುಟ್ಟ ಬಾಳೆಕಾಯಿ ಥರ. ಒಂದನ್ನೊಂದು ತಿರುಗಿಯೂ ನೋಡಲ್ಲ. ಸೊಳ್ಳೆ ಹೊಟ್ಟೆಗೆ ಬಿದ್ದು ಕೊಂಚ ತಣ್ಣಗಾಯ್ತೋ, ಕಾಲು ಗಂಟೆಯಲ್ಲಿ ಗಂಡಿಗೆ ಎಂಟು ಬಾಲ ಹುಟ್ಟಿ ಹೆಣ್ಣನ್ನ ಹುಡುಕಿ ಕುಣಿಯುತ್ತೆ. ಸೊಳ್ಳೆ ಬಂತು ಅಂತ ಅದಕ್ಕೆ ಸುದ್ದಿ ಕೊಟ್ಟವರು ಯಾರು?"

"ನನಗೇನು ಗೊತ್ತು ಚಿಕ್ಕಪ್ಪಾ?"

"ಎಂ.ಎ. ಓದಿ ಏನು ಪ್ರಯೋಜನ?"

ವಿಜ್ಞಾನಿಗಳಿಗೇ ಇನ್ನೂ ಪೂರ್ತಿ ತಿಳಿಯದ ಪ್ರಶ್ನೆಗೆ ನಾನೇಕೆ ಹೊಣೆ?

ಹೀಗಿರಲು ಕುನ್ನತ್ತೂರಿನಿಂದ ನನ್ನನ್ನು ನೋಡಲು ಬಂದರು. ವರ ಹೊಸಬನಲ್ಲ, ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎರಡು ವರ್ಷ ನನ್ನೊಡನೆ ವಾದಿಸಿ ಸೋತವನು. ಅವನನ್ನು ಬಿಟ್ಟು ಬೇರೊಬ್ಬ ನನಗೆ ಬೇಡವಾಗಿತ್ತು. ಕೈ ಮುಗಿಯಲು ಬಂದ ಅವನ ಬೆರಳನ್ನು ಚಿಕ್ಕಪ್ಪ ಹೊಸಿಲಲ್ಲೇ ಚುಚ್ಚಿ, ಒಳಕೋಣೆಯ ಹಳೆಯ ಸೂಕ್ಷ್ಮದರ್ಶಕದತ್ತ ನಡೆದರು. ಸೊಜ್ಜಿ ಬಜ್ಜಿಯ ಉಪಚಾರ ಮುಗಿಯುವ ಹೊತ್ತಿಗೆ ಸೊಳ್ಳೆಪರದೆಯೊಂದನ್ನು ತಂದು ವರನ ತಲೆಯ ಮೇಲೆ ಹರಡಿದರು.

"ಮಾಪಿಳ್ಳೆ ಹೊರಗೆ ಬರಬಾರದು," ಎಂದು ವರನಿಗೆ ತಮಿಳಿನ ಮರ್ಯಾದೆಯಲ್ಲೇ ಅಪ್ಪಣೆಯಾಯಿತು.

ವರನ ತಂದೆ ಎದ್ದುನಿಂತರು. "ಎನ್ನಂಗ ಇದು, ಏನ್ರೀ ಇದು? ಹುಡುಗನಿಗೆ ಜ್ವರ ಬಿಟ್ಟು ಹದಿನೈದು ದಿನ ಆಯ್ತು."

"ಜ್ವರ ಬಿಟ್ಟಿದೆ, ಕ್ರಿಮಿ ಬಿಟ್ಟಿಲ್ಲ. ಅವನಿಗೇನೂ ಆಗಲ್ಲ. ಅವನನ್ನ ಕಚ್ಚಿದ ಸೊಳ್ಳೆ ನಾಳೆ ಯಾರನ್ನ ಕಚ್ಚುತ್ತೆ?"

ವರನ ಕಡೆಯ ಹಿರಿಯರು ಚಪ್ಪಲಿ ಹುಡುಕತೊಡಗಿದರು. ಪಂಚಾಯಿತಿಯಿಂದ ವಿಶ್ವವಿದ್ಯಾಲಯದವರೆಗೆ ಎಲ್ಲರಿಂದಲೂ ಲಿಖಿತ ಉತ್ತರ ಕೇಳುವುದು ನನ್ನ ಅಭ್ಯಾಸ, ಅಂದೂ ಕೇಳಿದೆ. "ಯಾವ ಅಧಿಕಾರದಿಂದ ಹೀಗೆ ಮಾಡಿದಿರಿ? ಬರೆದು ಕೊಡಿ." ಚಿಕ್ಕಪ್ಪ ಕಚೇರಿಯ ನಮೂನೆಯೊಂದನ್ನು ತೆಗೆದು, ಮನೆಮಾತಾದ ಕನ್ನಡವನ್ನು ತಮಿಳು ಅಕ್ಷರಗಳಲ್ಲಿ ಬರೆದು ಸಹಿ ಹಾಕಿದರು: "ಗಂಡು ಏಳು. ಹೆಣ್ಣು ಇಪ್ಪತ್ತಾರು. ಇನ್ನೊಂದು ಮಾತ್ರೆ ಬಾಕಿ. ಅಲ್ಲಿಯವರೆಗೆ ಪರದೆ."

ನಾನು ಅದನ್ನು ಗಟ್ಟಿಯಾಗಿ ಓದಿದೆ. ಪರದೆಯೊಳಗಿಂದ ಧ್ವನಿ ಬಂತು:

"ಕಾಫಿ ಒಳಗೆ ಬರುತ್ತಾ, ಅದಕ್ಕೂ ಬೆರಳು ಕೊಡಬೇಕಾ?"

ಮೊದಲು ನಕ್ಕವರು ಅವನ ತಾಯಿ. ಹೆಂಡತಿ ನಕ್ಕ ಮೇಲೆ ಗಂಡ ಎಲ್ಲಿ ಹೋದಾರು? ಕುಳಿತರು. ಪರದೆಯ ಅಂಚೆತ್ತಿ ನಾನು ಲೋಟ ಒಳಗೆ ಸರಿಸಿದೆ.

ಮದುವೆ ಮುಗಿದು ಕುನ್ನತ್ತೂರಿಗೆ ಹೊರಟ ದಿನ, ಚಿಕ್ಕಪ್ಪನ ಕೈ ಜೇಬಿಗೆ ಹೋದದ್ದನ್ನು ಕಂಡು ನಾನೇ ಬೆರಳು ಚಾಚಿದೆ. ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಮತ್ತೆ ಒರೆಸಿದರು.

"ಚುಚ್ಚಿ ಚಿಕ್ಕಪ್ಪಾ, ಬಸ್ಸಿಗೆ ಹೊತ್ತಾಯ್ತು."

"ಇರು ಕಣ್ಣು. ಬೆರಳು ಸರಿಯಾಗಿ ಕಾಣ್ತಿಲ್ಲ."

ಒಂದು ಹನಿ ರಕ್ತದಲ್ಲಿ ಏಳು ಗಂಡು, ಇಪ್ಪತ್ತಾರು ಹೆಣ್ಣು ಎಣಿಸಿದ ಕಣ್ಣು ಅದು. ಸೂಜಿ ಜೇಬಿಗೆ ಮರಳಿತು. ಬೆರಳನ್ನು ಮಾತ್ರ ಅವರು ಬಿಡಲಿಲ್ಲ.