ಒಬ್ಬರಾದರೂ ಬೇಕಾಗಿದ್ದಾರೆ

ನಾನು ಮಾಡಿದ್ದೆಲ್ಲ ಚೆನ್ನಾಗಿ ಕೆಲಸ ಮಾಡುತ್ತೆ, ಆದರೆ ಯಾರ ಕೆಲಸಕ್ಕೂ ಬರೋದಿಲ್ಲ. ಒಂದು ಸಲ ಹೀಗಾಗಿದ್ದರೆ ಗ್ರಹಚಾರ ಅಂತ ಸುಮ್ಮನಾಗಬಹುದಿತ್ತು. ಒಂದು ವರ್ಷದಿಂದ ಬಿಡದೆ ಇದೇ ಆಗ್ತಾ ಇದೆ.

ಹಾಸನದಲ್ಲಿ ನಮ್ಮ ಮನೆ. ನಾನು ಸಾಫ್ಟ್‌ವೇರ್ ಬರೆಯೋನು. ಎಐ ಬಂದ ಮೇಲೆ ತಲೆಗೆ ಹುಳ ಬಿಟ್ಟುಕೊಂಡು, ನಮ್ಮ ಜಿಲ್ಲೆಯ ಜನಕ್ಕೆ ಉಪಯೋಗ ಆಗೋ ಅಂಥದ್ದು ಏನಾದರೂ ಮಾಡ್ತೀನಿ ಅಂತ ಇದ್ದ ಕೆಲಸ ಬಿಟ್ಟೆ. ನನ್ನ ಹೆಂಡತಿ ಹೊಳೆನರಸೀಪುರದಲ್ಲಿ ಹೈಸ್ಕೂಲು ಮೇಡಂ, ಗಣಿತದವಳು. ಜಗಳ ಮಾಡಲಿಲ್ಲ, ಷರತ್ತು ಹಾಕಿದಳು.

"ಒಂದು ವರ್ಷ ತಗೊಳ್ಳಿ. ನೀವು ಮಾಡಿದ್ದನ್ನ ಯಾರಾದರೂ ಒಬ್ಬರು, ನಿಮ್ಮ ಮುಖ ನೋಡಿ ಅಲ್ಲ, ತಾವಾಗೇ ಬೇಕು ಅಂತ ಒಂದು ತಿಂಗಳು ಉಪಯೋಗಿಸಬೇಕು. ಒಬ್ಬರು ಸಾಕು ರೀ. ಸಿಗಲಿಲ್ಲ ಅಂದ್ರೆ ಜೂನಿಗೆ ನಮ್ಮ ಸ್ಕೂಲಿನ ಕಂಪ್ಯೂಟರ್ ಮೇಷ್ಟ್ರಾಗಿ ಬಂದು ಸೇರಿಕೊಳ್ಳಿ."

ಕೆಲಸ ಕೆಟ್ಟದ್ದೇನಲ್ಲ. ಆದರೆ ದಿನಾ ಬೆಳಗ್ಗೆ ಅವಳ ಪಕ್ಕ ಬಸ್ಸಿನಲ್ಲಿ ಕೂತು, ನನ್ನಿಂದ ಏನೂ ಆಗಲಿಲ್ಲ ಅಂತ ಒಪ್ಪಿಕೊಂಡು ಹೊಳೆನರಸೀಪುರದ ತನಕ ಹೋಗಬೇಕಲ್ಲ. ಒಬ್ಬರು ತಾನೆ, ಸಿಗದೆ ಎಲ್ಲಿ ಹೋಗ್ತಾರೆ ಅಂತ ಒಪ್ಪಿಕೊಂಡೆ.

ನೀಲಿ ಟಾರ್ಪಾಲು

ಮೊದಲು ರಾಮನಾಥಪುರದ ಕಡೆ ಹೋದೆ. ಹೊಗೆಸೊಪ್ಪು ಬೆಳೆಯೋರಿಗೆ ಹರಾಜಿಗೆ ಮುಂಚೆಯೇ ಸೊಪ್ಪಿನ ದರ್ಜೆ ಗೊತ್ತಾದರೆ ಒಳ್ಳೇದಲ್ವಾ? ಎಲೆಯ ಫೋಟೊ ಹಿಡಿದರೆ ದರ್ಜೆ ಹೇಳೋ ಆ್ಯಪ್ ಮಾಡಿದೆ. ಪರಿಚಯದ ಬೆಳೆಗಾರರೊಬ್ಬರು ಒಳ್ಳೆ ಸೊಪ್ಪು, ಕಳಪೆ ಸೊಪ್ಪು ಬೇರೆ ಬೇರೆ ಮಾಡಿ ಕೊಟ್ಟರು. ಎರಡು ತಿಂಗಳು ಕೂತು ಸಾವಿರಾರು ಫೋಟೊ ತೆಗೆದು ಯಂತ್ರಕ್ಕೆ ಕಲಿಸಿದೆ. ಪರೀಕ್ಷೆ ಮಾಡಿದರೆ ಒಂದೂ ತಪ್ಪಿಲ್ಲ. ಆವತ್ತು ನಾನು ಊಟ ಬಿಟ್ಟು ಖುಷಿಪಟ್ಟೆ.

ಮಾರನೇ ದಿನ ಆ ಬೆಳೆಗಾರರು ಫೋನು ಹಿಡಿದುಕೊಂಡು ಜಗಲಿ ಮೇಲೆ ಕೂತರು. ಒಂದು ಎಲೆಯ ಫೋಟೊ ತೆಗೆದರು. ಅದೇ ಎಲೆಯನ್ನು ಎತ್ತಿ ಬೇರೆ ಕಡೆ ಇಟ್ಟು ಇನ್ನೊಂದು ತೆಗೆದರು.

"ಸಾ, ಇದೇ ಎಲೆ ಟಾರ್ಪಾಲ್ ಮ್ಯಾಲೆ ಇಕ್ಕುದ್ರೆ ಉತ್ತಮ ಅಂತದೆ. ನೆಲದ ಮ್ಯಾಲೆ ಇಕ್ಕುದ್ರೆ ಕಳಪೆ ಅಂತದೆ."

ಕಲಿಸಿದ ಫೋಟೊಗಳನ್ನೆಲ್ಲ ಮತ್ತೆ ತೆಗೆದು ನೋಡಿದೆ. ಅವರು ಒಳ್ಳೆ ಸೊಪ್ಪನ್ನು ಜೋಪಾನವಾಗಿ ನೀಲಿ ಟಾರ್ಪಾಲಿನ ಮೇಲೆ ಹರಡಿಸಿ ಕೊಟ್ಟಿದ್ದರು. ಕಳಪೆಯದನ್ನು ಸಿಮೆಂಟು ನೆಲಕ್ಕೆ ಎಸೆದಿದ್ದರು. ನನ್ನ ಯಂತ್ರ ಎರಡು ತಿಂಗಳು ಎಲೆ ನೋಡೇ ಇರಲಿಲ್ಲ, ಕೆಳಗೆ ಹಾಸಿದ್ದನ್ನ ನೋಡಿ ಕಲಿತುಕೊಂಡಿತ್ತು.

ಅವರು ಕಾಲಿನ ಎಕ್ಕಡ ಬಿಚ್ಚಿ ಟಾರ್ಪಾಲಿನ ಮೇಲಿಟ್ಟು ಫೋಟೊ ತೆಗೆದರು. 'ಉತ್ತಮ ದರ್ಜೆ' ಅಂತ ಬಂತು.

"ಆ್ಯಪ್ ನೀವೇ ಮಡಿಕ್ಕಳಿ ಸಾ," ಅಂದರು. "ಇಂಥವು ಇನ್ನೊಂದು ನಾಕು ಟಾರ್ಪಾಲು ಇದ್ರೆ ತಂದ್ಕೊಡಿ. ಸೊಪ್ಪಿನ ಬೇಲ್‌ಗೆಲ್ಲ ಸುತ್ತುಬುಟ್ಟು ಹರಾಜಿಗೆ ಇಕ್ತೀನಿ."

ಅಳಿಸದ ರಂಗೋಲಿ

ಹೆಂಡತಿಯ ದೊಡ್ಡಮ್ಮ ಅರಕಲಗೂಡಿನಲ್ಲಿದ್ದಾರೆ. ಅವರಷ್ಟು ಚೆನ್ನಾಗಿ ಚುಕ್ಕಿ ರಂಗೋಲಿ ಇಡೋರು ಆ ಬೀದಿಯಲ್ಲಿಲ್ಲ. ಪಾಪ, ಮಂಡಿ ನೋವು ಬಂದು ಬಗ್ಗೋಕೆ ಆಗ್ತಿರಲಿಲ್ಲ. ದಿನಕ್ಕೊಂದು ಹೊಸ ರಂಗೋಲಿ ತಾನಾಗೇ ಬಿಡಿಸೋ ಪ್ರೋಗ್ರಾಂ ಬರೆದೆ. ಒಂದು ಪ್ರೊಜೆಕ್ಟರ್ ತಂದು, ಬಾಗಿಲ ಪಕ್ಕದ ಕಟ್ಟೆ ಮೇಲಿಟ್ಟು, ಬೆಳಗಿನ ಜಾವ ಅಂಗಳದ ಮೇಲೆ ಬೆಳಕಿನ ರಂಗೋಲಿ ಬೀಳೋ ಹಾಗೆ ಮಾಡಿದೆ. ಅವರಿಗೆ ಹೇಳಲಿಲ್ಲ, ಎದ್ದು ನೋಡಿ ಖುಷಿಪಡಲಿ ಅಂತ. ಒಂದು ತಿಂಗಳು ಇವರು ಇಟ್ಟುಕೊಂಡರೆ ಸಾಕು, ನಾನು ಗೆದ್ದ ಹಾಗೆ.

ಐದೂವರೆಗೆ ರಂಗೋಲಿ ಬಿತ್ತು. ನನ್ನ ಕಣ್ಣಿಗೇ ನೀರು ಬರೋಷ್ಟು ಚೆನ್ನಾಗಿತ್ತು. ದೊಡ್ಡಮ್ಮ ಬಕೆಟ್ಟು ಹಿಡಿದುಕೊಂಡು ಬಾಗಿಲು ತೆಗೆದರು, ನೋಡಿದರು.

"ಅಯ್ಯೋ ಶಿವನೇ, ಗುಡಿಸಿಲ್ಲ, ನೀರು ಹಾಕಿಲ್ಲ. ಇದ್ಯಾವಳು ಬಂದು ನಮ್ಮ ಬಾಗಿಲಿಗೆ ರಂಗೋಲಿ ಇಟ್ಟುಹೋದ್ಲು?"

ಇಡೀ ಬಕೆಟ್ಟು ನೀರು ಸುರಿದರು. ರಂಗೋಲಿ ಹೋಗಲಿಲ್ಲ. ಪೊರಕೆ ತಂದು ತಿಕ್ಕಿದರು. ರಂಗೋಲಿ ಪೊರಕೆಯ ಮೇಲೂ ಬಂತು, ಅವರ ಸೀರೆಯ ಮೇಲೂ ಬಂತು. "ಯಾರೋ ಮಾಟ ಮಾಡಿಸಿದಾರೆ ಕಣ್ರೇ" ಅಂತ ಕೂಗಿಕೊಂಡು ಇನ್ನೊಂದು ಬಕೆಟ್ಟು ಎಸೆದರು. ಅದು ನೇರವಾಗಿ ಪ್ರೊಜೆಕ್ಟರಿಗೆ ಬಿದ್ದು ಚಟ್ ಅಂತ ಆರಿಹೋಯಿತು. ಅಕ್ಕಪಕ್ಕದವರೆಲ್ಲ ಸೇರಿಬಿಟ್ಟರು. ಎದುರು ಮನೆ ಜಗಲಿಯಲ್ಲಿ ಅವಿತು ನೋಡ್ತಿದ್ದ ನಾನು ಓಡಿಬಂದು, "ಅತ್ತೆ, ಅದನ್ನ ಮಾಡಿದ್ದು ನಾನೇ" ಅಂದೆ.

ಹಾಗೆ ಹೇಳಬಾರದಾಗಿತ್ತು. ಈಗ ಆ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಾರೆ. ನಾನು ಹೋದರೆ ಹಿತ್ತಲ ಬಾಗಿಲಿಂದ ಒಳಗೆ ಕರೀತಾರೆ.

ಮುಳುಗಿದ ಗಂಟೆ

ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ನಿಂತಿರೋ ಪಾಳು ಚರ್ಚು ನೋಡೋಕೆ ಜನ ಬರ್ತಾರಲ್ಲ, ಅವರು ಕೇಳಿದ್ದಕ್ಕೆ ಉತ್ತರ ಹೇಳೋ ಆ್ಯಪ್ ಒಂದು ಮಾಡಿದೆ. ಯಾರೋ ಇಲ್ಲಿನ ಗಂಟೆ ಎಲ್ಲಿ ಅಂತ ಕೇಳಿದ್ದಾರೆ. ಇದಕ್ಕೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನೋಕೆ ನಾಚಿಕೆ. ಗಂಟೆ ನೀರೊಳಗೆ ಮುಳುಗಿದೆ, ಹುಣ್ಣಿಮೆ ದಿನ ತಾನಾಗೇ ಹೊಡೆದುಕೊಳ್ಳುತ್ತೆ ಅಂತ ಕಥೆ ಕಟ್ಟಿಬಿಟ್ಟಿದೆ. ನಾನು ನೋಡಿದವನೇ ಗಾಬರಿಯಾಗಿ ತಿದ್ದಿದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂತಲೇ ಹೇಳೋ ಹಾಗೆ ಮಾಡಿದೆ.

ಎರಡು ತಿಂಗಳಾದ ಮೇಲೆ ಅಲ್ಲಿಗೆ ಹೋದರೆ, ಸೌತೆಕಾಯಿ ಮಾರೋ ಯಜಮಾನರೊಬ್ಬರು ಕಾಯಿಗೆ ಉಪ್ಪುಖಾರ ಸವರುತ್ತಾ ಇದೇ ಗಂಟೆಯ ಕಥೆ ಹೇಳ್ತಾ ಇದ್ದರು. ಸುತ್ತ ಜನ. ಅವರ ತಾತ ಆ ಸದ್ದನ್ನ ಕಿವಿಯಾರೆ ಕೇಳಿದ್ದರಂತೆ.

"ಯಜಮಾನ್ರೇ, ಅದು ಸುಳ್ಳು. ನನ್ನ ಆ್ಯಪ್ ಕಟ್ಟಿದ ಕಥೆ ಅದು," ಅಂದೆ.

"ನಿಮ್ದು ಯಾವೂರು ಸಾ?"

"ಹಾಸನ."

"ಅದ್ಕೇಯ. ನಮ್ಮೂರ್ ಇಸ್ಯ ನಿಮ್ಗೆ ಎಂಗ್ ಗೊತ್ತಾಯ್ತದೆ?"

ಸುತ್ತ ಇದ್ದವರಲ್ಲಿ ಒಬ್ಬ ಫೋನು ತೆಗೆದು ನನ್ನ ಆ್ಯಪನ್ನೇ ಕೇಳಿದ. ಅದು ಪ್ರಾಮಾಣಿಕವಾಗಿ 'ನನಗೆ ಗೊತ್ತಿಲ್ಲ' ಅಂತು. "ಥೂ, ಇದು ವೇಸ್ಟು" ಅಂತ ನನ್ನ ಕಣ್ಣೆದುರೇ ಅಳಿಸಿಹಾಕಿ, ಎರಡು ಸೌತೆಕಾಯಿ ತಗೊಂಡ.

ಹನ್ನೊಂದು ಗಂಟೆ

ಏಪ್ರಿಲ್ ಹೊತ್ತಿಗೆ ನನಗೆ ನನ್ನ ಮೇಲೇ ಜಿಗುಪ್ಸೆ ಬಂದಿತ್ತು. ಕೋಡ್ ಬರೆಯೋಕೆ ಕೂತರೆ ಕೈ ಓಡ್ತಿರಲಿಲ್ಲ. ಅದರ ಮೇಲೆ ನಮ್ಮಮ್ಮನ ಫೋನು. ಅಮ್ಮ ಚನ್ನರಾಯಪಟ್ಟಣದಲ್ಲಿ ಅಣ್ಣನ ಮನೆಯಲ್ಲಿರೋದು. ದಿನಾ ಸರಿಯಾಗಿ ಹನ್ನೊಂದಕ್ಕೆ ಮಾಡ್ತಾಳೆ. ತಿಂಡಿ ತಿಂದ್ಯಾ, ಏನು ತಿಂಡಿ, ಸ್ನಾನ ಆಯ್ತಾ. ನಾನು ಹೂಂ, ಹೂಂ ಅಂತ ಅಂದು ಇಟ್ಟುಬಿಡ್ತಿದ್ದೆ.

ಒಂದು ದಿನ ರೇಗಿಹೋಗಿ, ಯಂತ್ರಕ್ಕೆ ನನ್ನ ದನಿ ಕಲಿಸಿ, ಹನ್ನೊಂದು ಹೊಡೀತಿದ್ದ ಹಾಗೇ, ಅಮ್ಮ ಮಾಡೋಕೆ ಮುಂಚೆ, ಬೇರೆ ನಂಬರಿನಿಂದ ಅದೇ ಫೋನ್ ಮಾಡೋ ಹಾಗೆ ಇಟ್ಟೆ. ಹೇಳೋಕೆ ನಾಚಿಕೆಯಾಗುತ್ತೆ, ಆದರೆ ಮಾಡಿದ್ದು ನಿಜ. ಅಮ್ಮನ ಫೋನು ನಿಂತುಹೋಯಿತು. ನಾನು ಮರೆತೇಬಿಟ್ಟೆ.

ಮೇ ಕೊನೆಯಲ್ಲಿ ಹೆಂಡತಿ, "ಯಾರಾದರೂ ಸಿಕ್ಕರಾ?" ಅಂದಳು. ಇಲ್ಲ ಅಂದೆ. ಸೋತವನು ಎಲ್ಲವನ್ನೂ ಅಳಿಸಿಹಾಕೋಣ ಅಂತ ಕೂತಾಗ ಅಮ್ಮನ ಕರೆಗಳ ಪಟ್ಟಿ ಕಂಡಿತು. ಒಂದು ದಿನವೂ ತಪ್ಪಿಲ್ಲ. ಮೊದಲ ದಿನ ನಾಲ್ಕು ನಿಮಿಷ, ಈಗೀಗ ನಲವತ್ತು ನಿಮಿಷ. ಸಂಜೆ ಹೊತ್ತು ಅಮ್ಮನೇ ಅದಕ್ಕೆ ಫೋನ್ ಮಾಡಿದಾಳೆ.

ಹೆಂಡತಿಗೆ ಎಲ್ಲಾ ಹೇಳಿದೆ. ಇಬ್ಬರೂ ಚನ್ನರಾಯಪಟ್ಟಣಕ್ಕೆ ಹೋದೆವು. ಅಮ್ಮ ಅಕ್ಕಿ ಆರಿಸ್ತಾ ಕೂತಿದ್ದಳು.

"ಅಮ್ಮ, ತಪ್ಪಾಯ್ತು. ದಿನಾ ನಿನ್ನ ಜೊತೆ ಮಾತಾಡ್ತಿರೋದು ನಾನಲ್ಲ, ಕಂಪ್ಯೂಟರು."

ಅಮ್ಮ ತಲೆ ಎತ್ತಲಿಲ್ಲ. "ಗೊತ್ತು ಕಣಪ್ಪ."

"ಯಾವಾಗಿಂದ?"

"ಮೊದಲ್ನೇ ದಿನಾನೇ. 'ನಿಂದು ತಿಂಡಿ ಆಯ್ತಾ ಅಮ್ಮ' ಅಂದ. ನೀನು ಯಾವತ್ತು ಕೇಳಿದೀಯ?"

ಹೆಂಡತಿ ಕೇಳಿದಳು, "ಮತ್ತೆ ಯಾಕತ್ತೆ ಮಾತಾಡ್ತಾ ಇದ್ರಿ?"

"ಅವನು ಹೂಂ ಅಂದು ಇಡಲ್ಲಮ್ಮ. ಹೇಳಿದ್ದೇ ಹೇಳಿದ್ರೂ ಕೇಳ್ತಾನೆ. ನಮ್ಮ ಭಜನೆಗೆ ಬರೋ ಮೂರು ಜನಕ್ಕೂ ನಂಬರ್ ಕೊಟ್ಟಿದೀನಿ. ಅವರಿಗೂ ಒಬ್ಬ ಮಗ ಸಿಕ್ಕಿದ ಹಾಗಾಯ್ತು ಅಂತಾರೆ."

ಹೆಂಡತಿ ನನ್ನ ಕಡೆ ತಿರುಗಿದಳು. "ಒಟ್ಟು ನಾಲ್ಕು ಜನ ರೀ. ನೀವು ಗೆದ್ದಿರಿ." ಕುಹಕದಿಂದ ಅಂದಿದ್ದರೆ ತಡಕೋಬಹುದಿತ್ತು. ಮಾಮೂಲಾಗಿ, ಲೆಕ್ಕ ಸರಿಯಾಯ್ತು ಅನ್ನೋ ಹಾಗೆ ಅಂದಳು.

ಆ ದಿನ ಬಸ್ಸಿನಲ್ಲಿ ಹಾಸನಕ್ಕೆ ವಾಪಸು ಬರೋವಾಗ ನಾನು ತೀರ್ಮಾನ ಮಾಡಿದೆ. ಅಮ್ಮನ ಮಟ್ಟಿಗೆ ಅದನ್ನ ನಿಲ್ಲಿಸಿಬಿಡಬೇಕು, ಇನ್ನು ಮೇಲೆ ನಾನೇ ಮಾಡಬೇಕು. ಮಾರನೇ ದಿನ ಹನ್ನೊಂದಕ್ಕೆ ಐದು ನಿಮಿಷ ಇರೋವಾಗಲೇ ಫೋನ್ ಮಾಡಿದೆ.

"ಅಮ್ಮ, ನಿಂದು ತಿಂಡಿ ಆಯ್ತಾ?"

"ಇವತ್ತೇನು ಇಷ್ಟು ಬೇಗ?" ಅಂದಳು ಅಮ್ಮ, ನಂಬರ್ ನೋಡದೆ ಎತ್ತಿದ್ದಳು ಅಂತ ಕಾಣುತ್ತೆ. ದನಿಯಲ್ಲಿ ಎಂಥ ಪ್ರೀತಿ ಇತ್ತು.

"ಅಮ್ಮ, ಇದು ನಾನು. ನಿಜವಾದ ನಾನು."



"ಓ, ನೀನಾ? ಏನಪ್ಪ, ಬೇಗ ಹೇಳಿ ಇಡು. ಹನ್ನೊಂದಾಗ್ತಾ ಬಂತು, ಅವನು ಫೋನ್ ಮಾಡೋ ಹೊತ್ತು."