ಪೆನ್‌ಡ್ರೈವ್‌ಗೆ ನುಸಿಗುಳಿಗೆ

ಹೆಂಡತಿ: ಮೊದಲು ಆ ಇಸ್ತ್ರಿಪೆಟ್ಟಿಗೆ ಕೆಳಗಿಡಿ. ಪೆನ್‌ಡ್ರೈವ್‌ಗೆ ಯಾರಾದ್ರೂ ಇಸ್ತ್ರಿ ಹಾಕ್ತಾರೇನ್ರೀ?

ಟೈಲರ್: ಒಂದೇ ಒಂದು ಸಲ ಕಾವು ತಾಗಿಸ್ತೀನಿ ಕಣೇ. ಒಳಗಿರೋ ವೈರಸ್ಸು ಅಲ್ಲೇ ಸೀದು ಹೋಗ್ಲಿ.

ಹೆಂಡತಿ: ಡ್ರೈವೂ ಸೀದು ಹೋಗುತ್ತೆ. ಆಮೇಲೆ ನಲವತ್ತು ಜೇಬಿಗೆ ಏನು ಕಸೂತಿ ಹಾಕ್ತೀರಿ, ನಿಮ್ಮ ಮುಖಾನಾ?

ಟೈಲರ್ ಇಸ್ತ್ರಿಪೆಟ್ಟಿಗೆ ಇಳಿಸಿದ, ಕೋಪ ಇಳಿಸಲಿಲ್ಲ. ಸಂಜೆ ಆರಕ್ಕೆ ಬ್ಯಾಂಡ್‌ನವರ ಸ್ಪರ್ಧೆ. ನಲವತ್ತು ಕೋಟುಗಳು ಹೊಲಿದು ತೂಗುತ್ತಿದ್ದವು. ಜೇಬಿನ ಮೇಲೆ ತುತ್ತೂರಿಯ ಕಸೂತಿ ಹಾಕಿ ಕೂರಿಸುವುದೊಂದೇ ಬಾಕಿ. ತುತ್ತೂರಿಯ ನಮೂನೆ ಪೆನ್‌ಡ್ರೈವ್‌ನಲ್ಲಿತ್ತು. ಕಂಪ್ಯೂಟರ್‌ಗೆ ಚುಚ್ಚಿದರೆ ಕಸೂತಿ ಯಂತ್ರ ತಾನೇ ಹೊಲಿಯುತ್ತದೆ. ಆದರೆ ಬ್ಯಾಂಡ್ ಮಾಸ್ಟರ್ ಅದರಲ್ಲೇ ಹನ್ನೆರಡು ಹಾಡೂ ತುಂಬಿ, "ಕೇಳ್ತಾ ಹೊಲೀರಿ" ಎಂದು ಕಳಿಸಿದ್ದ. ಟೈಲರ್‌ನ ಪಿತ್ತ ನೆತ್ತಿಗೇರಿದ್ದು ಅದಕ್ಕೇ.

ಟೈಲರ್: ಹಾಡಿರೋ ಡ್ರೈವು ನನ್ನ ಕಂಪ್ಯೂಟರ್ ಮುಟ್ಟಕೂಡದು! ಹೋದ ವರ್ಷ ಹಾಡಿನಿಂದ್ಲೇ ಅಲ್ವಾ ಅದು ಮಲಗಿದ್ದು? ಹದಿನಾರು ವರ್ಷದ ಗಿರಾಕಿಗಳ ಅಳತೆ ಹೋಯ್ತು. ಎಲ್ಲರ ಸೊಂಟಾನೂ ಮತ್ತೆ ಅಳೆದೆ!

ಹೆಂಡತಿ: ಒಳ್ಳೇದೇ ಆಯ್ತು. ಹದಿನಾರು ವರ್ಷ ಯಾರ ಸೊಂಟ ಇದ್ದಲ್ಲೇ ಇರುತ್ತೆ?

ಟೈಲರ್: ಹಾಡು ಕಿವಿಗೆ ಹೊಕ್ಕು ಮನುಷ್ಯನ ತಲೆ ಕೆಡಿಸಲ್ವಾ? ಕಂಪ್ಯೂಟರ್‌ಗೂ ಅಷ್ಟೇ.

ಹೆಂಡತಿ: ನಿಮ್ಮ ತಲೆ ಕೆಡೋಕೆ ಹಾಡು ಬೇರೆ ಬೇಕಾ?

ಟೈಲರ್: ಹುಳ ಇರುತ್ತೆ ಕಣೇ ಅದರಲ್ಲಿ, ಹುಳ!

ಹೆಂಡತಿ: ಅದಕ್ಕೇನಾ ಬೆಳಗ್ಗೆಯಿಂದ ನುಸಿಗುಳಿಗೆ ಡಬ್ಬೀಲಿ ಇಟ್ಟಿದ್ದು? ಉಣ್ಣೆ ಶಾಲು ನೋಡಿ, ಇದು!

ಡ್ರೈವಿಗೆ ಕಟ್ಟಿದ್ದ ಕೆಂಪು ದಾರವನ್ನು ಟೈಲರ್ ಎರಡೇ ಬೆರಳಲ್ಲಿ ಹಿಡಿದೆತ್ತಿದ, ಸತ್ತ ಇಲಿಯ ಬಾಲ ಹಿಡಿದವನಂತೆ.

ಟೈಲರ್: ನಮೂನೆ ಒಳಗೆ ಬರ್ಲಿ, ಹಾಡು ಹೊರಗೇ ಇರ್ಲಿ. ಆಗುತ್ತಾ?

ಹೆಂಡತಿ: ಚುಚ್ಚಿ, ಪಕ್ಕದಲ್ಲಿ ನಿಂತು 'ನಮೂನೆ ಮಾತ್ರ ಬಾರಪ್ಪಾ' ಅಂತ ಕೂಗಿ.

ಅಷ್ಟರಲ್ಲಿ ಬ್ಯಾಂಡ್ ಮಾಸ್ಟರೇ ಬಂದ; ಊದಿ ಊದಿ ಕೆನ್ನೆಗಳೆರಡೂ ಬನ್ನಿನಂತಾಗಿದ್ದ ಮನುಷ್ಯ.

ಟೈಲರ್: ಬನ್ನಿ ಮಾಸ್ಟ್ರೇ! ನನ್ನಂಗಡಿ ಮುಳುಗಿಸೋಕೆ ಎಷ್ಟು ದಿನದಿಂದ ಹೊಂಚು ಹಾಕಿದ್ರಿ? ಹಾಡಿನ ನೆಪದಲ್ಲಿ ವೈರಸ್ ಕಳಿಸಿದ್ದೀರಲ್ಲ!

ಮಾಸ್ಟರ್: ಅಯ್ಯೋ, ವೈರಸ್ ವಿಷಯ ಗೊತ್ತಾಗೋಯ್ತಾ? ಹೇಳಿದ್ರೆ ಬೇಜಾರಾಗ್ತೀರೇನೋ ಅಂತ ಸುಮ್ಮನಿದ್ದೆ.

ಟೈಲರ್: ನೋಡಿದ್ಯೇನೇ! ಒಪ್ಕೊಂಡ್ರು! ಬಾಯಿಬಿಟ್ಟು ಒಪ್ಕೊಂಡ್ರು!

ಮಾಸ್ಟರ್: ಈಗೇನೂ ಇಲ್ಲ, ಕ್ಲೀನ್ ಮಾಡಿಸಿದ್ದೀನಿ. ನಮ್ಮ ಕಂಪ್ಯೂಟರ್ ಎರಡು ದಿನ ಮಲಗಿತ್ತು. ರಿಪೇರಿಯವನು ಹೇಳಿದ, ನಿಜವಾದ ಹಾಡಿನ ಫೈಲು ತಂಟೆ ಮಾಡೋದು ಬಲು ಅಪರೂಪ ಅಂತ. ಇದರಲ್ಲಿ ಇದ್ದದ್ದು ಹಾಡೇ ಅಲ್ಲ, ಹಾಡಿನ ವೇಷ ಹಾಕ್ಕೊಂಡಿದ್ದ ಪ್ರೋಗ್ರಾಮು. 'ಸಾವಿರ ಹಾಡು ಪುಕ್ಕಟೆ, ಇಲ್ಲಿ ಒತ್ತಿ' ಅಂತಿತ್ತು. ನಮ್ಮ ಡೋಲಿನವನು ಒತ್ತೇಬಿಟ್ಟ.

ಹೆಂಡತಿ: 'ಸಾವಿರ ಹಾಡು ಪುಕ್ಕಟೆ'... ಹೋದ ವರ್ಷ ನಮ್ಮಲ್ಲೂ ಯಾರೋ ಒತ್ತಿದ ಹಾಗಿತ್ತಲ್ಲಾ ರೀ?

ಟೈಲರ್‌ಗೆ ತಟ್ಟನೆ ಅಳತೆ ಟೇಪಿನ ಸಿಕ್ಕು ಬಿಡಿಸುವ ಕೆಲಸ ನೆನಪಾಯಿತು. ಟೇಪಿನಲ್ಲಿ ಸಿಕ್ಕೇ ಇರಲಿಲ್ಲ.

ಟೈಲರ್: ಒತ್ತಲಿಲ್ಲ, ಕೈ ತಾಗಿತ್ತು! ಅದಿರ್ಲಿ, ಅದು ಇವರ ಡ್ರೈವಿಗೆ ಹೇಗೆ ಬಂತು?

ಮಾಸ್ಟರ್: ನಮ್ಮ ಡ್ರೈವಾ? ಬಟ್ಟೆ ಬಣ್ಣ ನೋಡಿ ಅಂತ ಚಿತ್ರ ಹಾಕಿ ಹೋದ ತಿಂಗಳು ನೀವೇ ಕೊಟ್ರಲ್ಲ ಯಜಮಾನ್ರೇ! ವಾಪಸ್ ಕೊಡ್ತಾ ಅದರಲ್ಲೇ ನಮೂನೆ ಹಾಕಿದೆ.

ಟೈಲರ್ ಬೆರಳ ತುದಿಯ ದಾರ ನೋಡಿದ. ಮೇಜಿನ ಮೇಲಿನ ಕತ್ತರಿ ನೋಡಿದ. ಅಂಗಡಿಯ ಸಾಮಾನು ಗಿರಾಕಿಗಳ ಪಾಲಾಗದಿರಲೆಂದು ಕತ್ತರಿ, ಟೇಪು, ಸೀಮೆಸುಣ್ಣದ ಡಬ್ಬಿ ಎಲ್ಲಕ್ಕೂ ತನ್ನ ಕೈಯಾರೆ ಕೆಂಪು ದಾರ ಕಟ್ಟುವುದು ಅವನ ಹಳೇ ಪದ್ಧತಿ. ಅದೇ ದಾರ. ಅದೇ ಎರಡು ಗಂಟು.

ಹೆಂಡತಿ ಡ್ರೈವ್ ಕಿತ್ತುಕೊಂಡು, ದಾರ ಬಿಚ್ಚಿ, ಕಂಪ್ಯೂಟರ್‌ಗೆ ಚುಚ್ಚಿದಳು. ಹಾಡನ್ನೂ ಹಚ್ಚಿದಳು. ಯಂತ್ರ ಅದಕ್ಕೇ ತಾಳ ಹಾಕಿದಂತೆ ಟಕಟಕ ಎಂದು ಮೊದಲ ತುತ್ತೂರಿ ಹೊಲಿಯಿತು. ಟೈಲರ್ ಮೆಲ್ಲಗೆ ಮೌಸಿನ ಕಡೆ ಕೈ ಚಾಚಿದ. ಆ ಕೈಯನ್ನೇ ಹಿಡಿದು ಅವಳು ಮಣಿಕಟ್ಟಿಗೆ ಕೆಂಪು ದಾರ ಸುತ್ತಿ, ಎರಡು ಗಂಟು ಹಾಕಿದಳು.

ಟೈಲರ್: ಇದ್ಯಾಕೇ?

ಹೆಂಡತಿ: ಇನ್ಮೇಲೆ ನೀವು ಯಾರ ಕಂಪ್ಯೂಟರ್ ಮುಂದೆ ಕೂತ್ರೂ, ವೈರಸ್ ಯಾವ ಅಂಗಡೀದು ಅಂತ ಗುರುತು ಸಿಗ್ಲಿ!