ನಡೆದು ನೋಡದೆ ತಂದ ಕೆಂಪು ಕಾರು

ಬೂಟಿನಂಗಡಿಯ ಯಜಮಾನರು ತಮ್ಮ ಹೊಸ ಕಾರಿನೊಳಗೆ ಕೂತು (ಹೊಸದೆಂದರೆ ಅವರಿಗೆ ಹೊಸದು, ಹಲ್ಲಿನ ಡಾಕ್ಟರೊಬ್ಬರು ಮನಸಾರೆ ಓಡಿಸಿ ಬಿಟ್ಟದ್ದು) ಹೆಂಡತಿಯತ್ತ ಕೈ ಬೀಸುತ್ತಿದ್ದರು. ಅಂಗಡಿಯ ಬಾಗಿಲಲ್ಲಿದ್ದ ಹೆಂಡತಿ ತಾನೂ ಬೀಸಿದಳು. ಅವರು ಇನ್ನೂ ಜೋರಾಗಿ ಬೀಸಿದರು. ಈ ವಯಸ್ಸಿನಲ್ಲಿ ಇಷ್ಟು ಪ್ರೀತಿಯೇ ಎಂದು ಅನುಮಾನ ಬಂದು ಹತ್ತಿರ ಹೋಗಿ ನೋಡಿದರೆ, ಅದು ಪ್ರೀತಿಯಲ್ಲ, ಆರ್ತನಾದ. ಗಾಜು ಏರಿಸಿದ್ದರಿಂದ ಕೇಳಿಸಿರಲಿಲ್ಲ, ಅಷ್ಟೇ.

ಹೆಂಡತಿ ಬಾಗಿಲ ಮೇಲೆ ಅಲ್ಲಿ ಇಲ್ಲಿ ಒತ್ತಿದಳು. ಎಲ್ಲೋ ಏನೋ ಟಕ್ಕೆಂದು ತೆರೆದುಕೊಂಡಿತು. ತೆರೆದದ್ದು ಬಾಗಿಲು ಮಾತ್ರ. ಯಜಮಾನರ ಉದರವು ಸ್ಟೀರಿಂಗಿಗೂ ಸೀಟಿಗೂ ನಡುವೆ ಭದ್ರವಾಗಿ ಪ್ರತಿಷ್ಠಾಪನೆಗೊಂಡಿತ್ತು. ಪಕ್ಕದ ಗಡಿಯಾರದಂಗಡಿಯವನು ಓಡಿಬಂದು ಕೈ ಹಿಡಿದ. ಇಷ್ಟು ವರ್ಷ ಮಾತಿನಲ್ಲೇ ಗಂಡನ ಕಾಲೆಳೆದು ಅಭ್ಯಾಸವಿದ್ದ ಹೆಂಡತಿ ಇವತ್ತು ನಿಜವಾಗಿಯೂ ಕಾಲು ಹಿಡಿದು ಎಳೆದಳು. ಯಜಮಾನರು ಹೊರಬಂದರು. ಎಡಗಾಲಿನ ಬೂಟು ಬರಲಿಲ್ಲ. ಊರಿಗೆಲ್ಲ ಬೂಟು ತೊಡಿಸುವವರು ತಮ್ಮದೇ ಅಂಗಡಿಯ ಮುಂದೆ, ಹೆಬ್ಬೆರಳು ಇಣುಕುವ ಕಾಲುಚೀಲದಲ್ಲಿ ನಿಂತರು.

"ಓಡಿಸಿ ನೋಡಿ ತಗೊಂಡ್ರಿ ತಾನೇ?" ಹೆಂಡತಿ ಬೂಟನ್ನು ಒಳಗಿಂದ ಎತ್ತಿ ಕೊಡುತ್ತ ಕೇಳಿದಳು.

"ನೋಡಿ ತಗೊಂಡೆ."

"ಓಡಿಸಿ?"

"ನೋಡಿ ಅಂದ್ನಲ್ಲ!"

ಈ ಪ್ರಶ್ನೆಗೆ ಕಾರಣವಿತ್ತು. ಅವರ ಅಂಗಡಿಯಲ್ಲಿ ಹೊಸ ಜೋಡು ಹಾಕಿಕೊಂಡು ಕನ್ನಡಿಯವರೆಗೆ ನಡೆದು, ಗಲ್ಲಾದವರೆಗೆ ವಾಪಸ್ ಬಂದು, ಬೆರಳು ಆಡಿಸಿ ತೋರಿಸದೆ ಯಾರೂ ಏನನ್ನೂ ಕೊಳ್ಳುವಂತಿಲ್ಲ. "ಮಗನಿಗೆ ಒಂದ್ಜೊತೆ ಕೊಡಿ, ಅಳತೆ ಗೊತ್ತಿದೆ" ಎಂದು ಬಂದವರಿಗೆ "ಅಳತೆ ಬೇಡ, ಕಾಲು ಕಳ್ಸಿ" ಎನ್ನುತ್ತಾರೆ. ಸ್ವಂತ ಭಾಮೈದನನ್ನೇ ಹಾಗೆ ಅಟ್ಟಿದ್ದರಿಂದ ಅವನು ಇಂದಿಗೂ ಇವರ ಮುಂದೆ ಬರಿಗಾಲಲ್ಲೇ ಓಡಾಡುತ್ತಾನೆ (ಬೇಕೆಂತಲೇ). ಗೋಡೆಯ ಮೇಲೆ ಬೋರ್ಡು ಬೇರೆ: "ಹಾಕಿ, ನಡೆದು ನೋಡಿ. ಯಾರಿಗೆ ಹಿಡಿಸಿತೋ ಅವರದು."

"ನಂಬಿಕೆ ಅನ್ನೋದು ಒಂದಿದೆ ಕಣೇ," ಎಂದರು ಯಜಮಾನರು, ಲೇಸು ಕಟ್ಟಿಕೊಳ್ಳುತ್ತ. "ಡಾಕ್ಟ್ರು ದೊಡ್ಡ ಮನುಷ್ಯರು. ಓಡಿಸಿ ನೋಡ್ತೀನಿ ಅಂದ್ರೆ ಅವರಿಗೆ ಅವಮಾನ ಮಾಡಿದ ಹಾಗೆ."

"ಹಾಗಾದ್ರೆ ದಿನಾ ಬೂಟು ಹಾಕಿ ನೋಡೋರೆಲ್ಲ ನಿಮಗೆ ಅವಮಾನ ಮಾಡ್ತಿದಾರಾ?"

"ಬೂಟು ಬೇರೆ, ಕಾರು ಬೇರೆ."

"ಹೌದೌದು. ಬೂಟೊಳಗಿಂದ ಆಚೆ ಬರಬಹುದು."

ಯಜಮಾನರು ಲೇಸನ್ನು ಇನ್ನಷ್ಟು ಬಿಗಿದರು. ಹೇಗೆ ಹೇಳುವುದು? ಪ್ರಾಯದಿಂದಲೂ ಅವರು ಕುಳ್ಳ ಸ್ಟೂಲಿನ ಮೇಲೆ ಕೂತು ಕಂಡವರ ಕಾಲು ಹಿಡಿದವರು. ಲೋಕವನ್ನು ಮೊಣಕಾಲಿನವರೆಗೆ ಮಾತ್ರ ಬಲ್ಲವರು. ಒಂದೇ ಒಂದು ಸಲ, ತಾವು ರಸ್ತೆಯಲ್ಲಿ ಹೋದರೆ ಜನ ತಲೆ ತಿರುಗಿಸಿ ನೋಡಬೇಕು ಎಂಬ ಆಸೆ. (ಕೊಂಡ ಕಾರು ಆ ಸ್ಟೂಲಿಗಿಂತಲೂ ಗೇಣು ಕೆಳಗಿತ್ತು ಎನ್ನುವುದು ಕೂತ ಮೇಲೆ ತಿಳಿಯಿತು.)

ಬೆಳಗ್ಗೆ ಕಾರನ್ನು ಅಂಗಡಿಯ ಮುಂದೆ ತಂದು ನಿಲ್ಲಿಸಿ, ಬಾಗಿಲನ್ನೂ ತಾವೇ ತೆರೆದಿಟ್ಟ ಡಾಕ್ಟರು "ಹಿಡಿಸದಿದ್ರೆ ಸಂಜೆಯೊಳಗೆ ವಾಪಸ್ ತನ್ನಿ" ಎಂದು ಹೇಳಿ ಹೋಗಿದ್ದರು. ಆ ಮಾತು ಹೆಂಡತಿಯ ಕಿವಿಗೂ ಬಿದ್ದಿತ್ತು.

"ನಡೀರಿ, ಕೊಟ್ಟು ಬರೋಣ."

"ಒಂದು ವಾರ ಇರ್ಲಿ ಕಣೇ. ನಾನು ಹೊಟ್ಟೆ ಕರಗಿಸ್ತೀನಿ."

"ಅಷ್ಟರಲ್ಲಿ ಕಾರೇ ಕರಗಿರುತ್ತೆ. ಕೀ ಇಲ್ಲಿ ಕೊಡಿ, ನಾನೇ ಓಡಿಸ್ತೀನಿ. ನೀವು ಓಡಿಸಿದ್ರೆ ಡಾಕ್ಟ್ರಿಗೆ ನಿಮ್ಮನ್ನೂ ಸೇರಿಸಿ ವಾಪಸ್ ಕೊಡಬೇಕಾಗುತ್ತೆ."

ಅಂಗಡಿಯ ಹಳೇ ವ್ಯಾನಿನಲ್ಲಿ ಬೂಟಿನ ಡಬ್ಬಗಳನ್ನು ಹೇರಿ ತರುವವಳು ಅವಳೇ. ಕುಳ್ಳಗೆ ಸಣ್ಣಗಿದ್ದವಳು, ಅಳತೆ ಕೊಟ್ಟು ಮಾಡಿಸಿದಂತೆ ಸೀಟಿನಲ್ಲಿ ಕೂತಳು. ಯಜಮಾನರನ್ನು ಇನ್ನೊಂದು ಕಡೆಯಿಂದ ಒಳಗೆ ತುರುಕಿದ್ದಾಯಿತು. ಬೆಳಗ್ಗೆ ಡಾಕ್ಟರು ಹೋದ ಮೇಲೆ ಯಜಮಾನರು ಒಂದು ಸುತ್ತು ಹೊಡೆದು ರಸ್ತೆಯ ಉಬ್ಬು ದಾಟುವಾಗ ಕಾರಿನ ಹೊಟ್ಟೆ ಕರಕರ ಎಂದಿತ್ತು. ಇವಳು ಓರೆಯಾಗಿ ಹಾಯಿಸಿದಳು, ಕಾರು ಉಸಿರೆತ್ತಲಿಲ್ಲ. ದೊಡ್ಡ ರಸ್ತೆಗೆ ಬಂದ ಮೇಲೆ ಅವಳೂ ಉಸಿರೆತ್ತಲಿಲ್ಲ. ಸುಮ್ಮನೆ ಓಡಿಸಿದಳು.

"ಡಾಕ್ಟ್ರ ಮನೆ ಎಡಕ್ಕೆ ಕಣೇ."

"ಗೊತ್ತು."

ಕಾರು ನೆಟ್ಟಗೆ ಹೋಯಿತು. ಕೆರೆ ಸುತ್ತಿ ಬಂದಿತು. ಮತ್ತೆ ಎಡಕ್ಕೆ ತಿರುಗುವ ಜಾಗ ಬಂತು, ಮತ್ತೆ ನೆಟ್ಟಗೆ ಹೋಯಿತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಲೆ ತಿರುಗಿಸಿ ನೋಡಿದರು. ಮೊಣಕಾಲು ಗದ್ದಕ್ಕೆ ತಾಗಿದ್ದರೂ ಯಜಮಾನರ ಎದೆ ಹಿಗ್ಗಿತು. ಕಾರು ಉಳಿಯಿತು!

ಕೊನೆಗೆ ಡಾಕ್ಟರ ಗೇಟಿನ ಮುಂದೆ ನಿಲ್ಲಿಸಿ ಅವಳು ಇಳಿದಳು. ಸದ್ದಿಗೆ ಡಾಕ್ಟರು ಹೊರಬಂದರು.

"ಏನಮ್ಮಾ, ಹಿಡಿಸ್ಲಿಲ್ವಾ?"

"ತುಂಬಾ ಹಿಡಿಸ್ತು ಡಾಕ್ಟ್ರೇ. ಇನ್ನೊಂದು ಕೀ ನಿಮ್ಮ ಹತ್ರಾನೇ ಉಳೀತಲ್ಲ, ಇಸ್ಕೊಂಡು ಹೋಗೋಣ ಅಂತ."

ಡಾಕ್ಟರು ಕೀ ತಂದಾಗ ಯಜಮಾನರು ಕಿಟಕಿಯಿಂದ ಕೈ ಚಾಚಿದರು. ಹೆಂಡತಿ ಎರಡು ಕೀಗಳನ್ನೂ ತನ್ನ ಚೀಲಕ್ಕೆ ಹಾಕಿಕೊಂಡಳು.

"ನಂಗೆ ಕಣೇ..."

"ಓಡಿಸಿ ನೋಡಿದ್ದು ನಾನು, ಹಿಡಿಸಿದ್ದು ನನಗೆ. ಅಂಗಡಿ ಬೋರ್ಡಲ್ಲಿ ಏನು ಬರೆಸಿದೀರಿ? ನಾಳೆಯಿಂದ ವ್ಯಾನು ನಿಮ್ಮದು. ಅದರಲ್ಲಿ ಹೊಟ್ಟೆಗೂ ಜಾಗ ಇದೆ."

ಯಜಮಾನರು ಕೂತಲ್ಲೇ ಇನ್ನಷ್ಟು ಕುಸಿದರು. ಡಾಕ್ಟರಿಗೆ ಪಾಪ ಎನಿಸಿತು.

"ಅಲ್ಲಾ ಸಾರ್, ಅವತ್ತು ಒಂದು ರೌಂಡು ಹೋಗ್ಬನ್ನಿ ಅಂತ ಕೀ ಕೈಗೇ ಕೊಟ್ಟಿದ್ದೆ. ಕಾರಿನ ಸುತ್ತ ತಿರುಗಿ ಬಂದು, ಸಾಕು ಅಂದ್ಬಿಟ್ರಿ. ಯಾಕೆ ಓಡಿಸ್ಲಿಲ್ಲ?"

ನಂಬಿಕೆಯ ಮೇಲೆ ಗಂಡನ ಇನ್ನೊಂದು ಭಾಷಣ ಕೇಳಲು ಹೆಂಡತಿ ಸಿದ್ಧಳಾಗಿ ನಿಂತಳು. ಯಜಮಾನರು ಅವಳ ಮುಖ ನೋಡಿದರು, ಚೀಲ ನೋಡಿದರು.

"ಬಾಗಿಲು ತೆಗೆಯೋದು ಎಲ್ಲಿಂದ ಅಂತ ಗೊತ್ತಾಗ್ಲಿಲ್ಲ ಡಾಕ್ಟ್ರೇ," ಎಂದರು. "ಕೇಳೋಕೆ ನಾಚಿಕೆ ಆಯ್ತು. ಈಗ್ಲೂ ಗೊತ್ತಿಲ್ಲ, ಸ್ವಲ್ಪ ತೆಗೀರಿ."